ಕೈ ಬದಲಾದ ಬಿಲ್ಲು

ಉಕ್ಬ ಬಿನ್ ಆಮಿರ್(ರ) ಮುಪ್ಪಿನ ವಯಸ್ಸಿನಲ್ಲೂ ಎರಡು ಗುರಿಗಳ ನಡುವೆ ಓಡಾಡುತ್ತಾ ಬಾಣ ಬಿಡುತ್ತಿದ್ದರು. ಇದನ್ನು ಕಂಡ ಒಬ್ಬರು, ಈ ವಯಸ್ಸಿನಲ್ಲಿ ತಮಗೆ ಇದು ಕಷ್ಟವಾಗುವುದಿಲ್ಲವೇ ಎಂದು ಕೇಳಿದರು. ಪ್ರವಾದಿವರ್ಯರಿಂದ(ಸ) ಒಂದು ಮಾತನ್ನು ಕೇಳಿಸಿಕೊಳ್ಳದಿರುತ್ತಿದ್ದರೆ ಈ ಶ್ರಮಕ್ಕೆ ಇಳಿಯುತ್ತಲೇ ಇರಲಿಲ್ಲ ಎಂದು ಅವರು ಉತ್ತರಿಸಿದರು. ಬಿಲ್ಲುವಿದ್ಯೆಯನ್ನು ಕಲಿತು ಬಳಿಕ ಅದನ್ನು ಕೈಬಿಟ್ಟವನು ನಮ್ಮವನಲ್ಲ ಎಂಬ ಅರ್ಥದ ಮಾತು ಅದು. ಸಹೀಹ್ ಮುಸ್ಲಿಮ್‌ನಲ್ಲಿ ಈ ಪ್ರಸಂಗವಿದೆ. ಅನ್ಫಾಲ್ ಅಧ್ಯಾಯದ 60ನೇ ಸೂಕ್ತವು ಆದೇಶಿಸುವ 'ಶಕ್ತಿ' ಎಂದರೆ ಬಾಣಪ್ರಯೋಗವೆಂದು ಪ್ರವಾದಿವರ್ಯರು(ಸ) ಮಿಂಬರಿನ ಮೇಲಿನಿಂದ ವಿವರಿಸಿದುದನ್ನು ನಮಗೆ ತಲಪಿಸಿದವರೂ ಇದೇ ಉಕ್ಬ(ರ).

ಇಂದು ಬಿಲ್ಲು ಯುದ್ಧದ ಆಯುಧವಾಗಿ ಉಳಿದಿಲ್ಲ, ಅದು ಮೈದಾನದ ಆಟ. ಹೊಸ ಬಿಲ್ಲಿನ ಬೆಲೆ ಎಲ್ಲರ ಕೈಗೆ ಎಟಕುವುದಿಲ್ಲ. ಆದ್ದರಿಂದ ಆಸಕ್ತಿಯುಳ್ಳ ಯುವಕರು ಒಬ್ಬರು ಬಳಸಿದ ಬಿಲ್ಲನ್ನು ಕೊಳ್ಳುತ್ತಾರೆ. ಬಳಸಿದ ಬಿಲ್ಲು ಮಾರಾಟಕ್ಕೆ ಬಂದಿದೆಯೆಂದರೆ ಯಾರೋ ಕಲಿತು ಬಿಟ್ಟಿದ್ದಾರೆಂದೇ ಹಲವು ಸಲ ಅರ್ಥ. ಹಾಗೆಂದು ಮಾರಿದವರ ಬಗ್ಗೆ ತೀರ್ಪು ಕೊಡಲು ಹೊರಡಬಾರದು. ಭುಜದ ನೋವು, ಕಣ್ಣಿನ ಮಂದತೆ, ಮಗಳ ಮದುವೆಯ ಸಾಲ ಹೀಗೆ ಕಾರಣ ಏನೂ ಇರಬಹುದು.

ಈ ಬಗೆಯ ಬಿಲ್ಲನ್ನು ಟೇಕ್‌ಡೌನ್ ರಿಕರ್ವ್ ಎನ್ನುತ್ತಾರೆ. ನಡುವೆ ಮರದ ಹಿಡಿ, ಮೇಲೆ ಕೆಳಗೆ ಎರಡು ತೋಳುಗಳು. ತೋಳುಗಳನ್ನು ಬೋಲ್ಟ್‌ನಿಂದ ಬಿಗಿಯುತ್ತಾರೆ, ಬೇಕಾದಾಗ ಬಿಚ್ಚುತ್ತಾರೆ. ತೋಳಿನ ತುದಿಗಳು ಬಿಲ್ಲುಗಾರನಿಂದ ಆಚೆಗೆ ಬಾಗಿರುತ್ತವೆ. ತೋಳಿನೊಳಗೆ ಮರದ ತೆಳು ಪದರಗಳು, ಎರಡೂ ಮೈಗೆ ಫೈಬರ್‌ಗ್ಲಾಸ್. ಉಸ್ಮಾನಿಯಾ ತುರ್ಕರ ಬಿಲ್ಲಿನಲ್ಲಿ ಬಿಲ್ಲುಗಾರನ ಕಡೆಗೆ ಕೊಂಬನ್ನೂ ಆಚೆಯ ಮೈಗೆ ಪ್ರಾಣಿಗಳ ನರವನ್ನೂ ಅಂಟಿಸುತ್ತಿದ್ದರು. ಒತ್ತಡವನ್ನು ಕೊಂಬು ತಡೆಯುತ್ತಿತ್ತು, ಸೆಳೆತವನ್ನು ನರ ತಡೆಯುತ್ತಿತ್ತು. ಆ ಎರಡು ಕೆಲಸಗಳನ್ನೂ ಈಗ ಗಾಜಿನ ನಾರು ಮಾಡುತ್ತದೆ. ಇಸ್ತಂಬುಲಿನ ಓಕ್‌ಮೈದಾನ್‌ನಲ್ಲಿ, ದೂರದ ಎಸೆತಗಳ ನೆನಪಿಗೆ ನೆಟ್ಟ ಕಲ್ಲುಗಳ ನಡುವೆ, ವುಝೂ ಇಲ್ಲದೆ ಬಿಲ್ಲು ಹಿಡಿಯಬಾರದೆಂಬ ಶಿಸ್ತು ಇತ್ತು. ತುರ್ಕಿಯ ಆ ಸಂಪ್ರದಾಯವನ್ನು 2019ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಮಾರುವವನು ಏನನ್ನು ಹೇಳಬೇಕು, ಕೊಳ್ಳುವವನು ಏನನ್ನು ನೋಡಬೇಕು?

ಬಿಲ್ಲಿನ ದೋಷ ಬಟ್ಟೆಯ ದೋಷದಂತಲ್ಲ. ಪದರ ಬಿಟ್ಟ ತೋಳು ಪೂರ್ತಿ ಎಳೆದಾಗ ಮುರಿದರೆ ಚೂರು ಮುಖಕ್ಕೇ ಹಾರುತ್ತದೆ. ಎಳೆಯುತ್ತಿರುವುದು ಹದಿನಾಲ್ಕು ವರ್ಷದ ಹುಡುಗನಿರಬಹುದು. ಹೊಳೆಯುವ ಮೆರುಗೆಣ್ಣೆಯ ಕೆಳಗೆ ಬಿರುಕನ್ನು ಮುಚ್ಚಿಟ್ಟು ಮಾರುವವನಿಗೆ ಧಾನ್ಯದ ರಾಶಿಯ ಪ್ರಸಂಗ ಗೊತ್ತಿಲ್ಲವೇ? ಪ್ರವಾದಿವರ್ಯರು(ಸ) ಪೇಟೆಯಲ್ಲಿ ಒಂದು ರಾಶಿಯೊಳಗೆ ಕೈಯಿಟ್ಟರು, ಬೆರಳಿಗೆ ಒದ್ದೆ ತಾಗಿತು. ಮಳೆ ಬಿದ್ದುದೆಂದು ವ್ಯಾಪಾರಿ ಹೇಳಿದ. ಜನರಿಗೆ ಕಾಣುವಂತೆ ಒದ್ದೆಯನ್ನು ಮೇಲೆ ಏಕಿಡಲಿಲ್ಲ ಎಂದು ಕೇಳಿದರು. ಮೋಸ ಮಾಡುವವನು ತಮ್ಮವನಲ್ಲ ಎಂದೂ ಎಚ್ಚರಿಸಿದರು. ಕಲಿತು ಬಿಟ್ಟವನ ಬಗ್ಗೆ ಹೇಳಿದ ಮಾತಿನಲ್ಲೂ ಇದೇ ಧಾಟಿ ಇದೆಯಲ್ಲವೇ! ಹಾಗಿರುವಾಗ ಬಿಲ್ಲನ್ನು ಬಿಡುವ ದಿನ ಇನ್ನಷ್ಟು ಎಚ್ಚರ ಬೇಕು. ಕೊಡುವವನೂ ಕೊಳ್ಳುವವನೂ ಸತ್ಯ ಹೇಳಿ ದೋಷವನ್ನು ತೋರಿಸಿದರೆ ಆ ವ್ಯವಹಾರದಲ್ಲಿ ಬರಕತ್ ಇರುತ್ತದೆ, ಮುಚ್ಚಿಟ್ಟರೆ ಅದು ಅಳಿಸಿಹೋಗುತ್ತದೆ ಎಂಬುದು ಹಕೀಮ್ ಬಿನ್ ಹಿಝಾಮ್(ರ) ವರದಿ ಮಾಡಿದ ಹದೀಸಿನ ಸಾರ. ಬಚ್ಚಿಟ್ಟ ದೋಷ ನಂತರ ಬಯಲಾದರೆ ವಸ್ತುವನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ ಎಂದು ಫಿಕ್ಹ್ ವಿದ್ವಾಂಸರು ಹೇಳುತ್ತಾರೆ. 'ಇದ್ದಂತೆ ಮಾರಾಟ' ಎಂದು ಹೇಳಿಬಿಟ್ಟರೆ ಹೊಣೆ ಮುಗಿಯಿತೆಂದು ನಂಬುವವರಿದ್ದಾರೆ. ಗೊತ್ತಿರುವ ಬಿರುಕನ್ನು ಬೆರಳಿಟ್ಟು ತೋರಿಸದೆ ಹೀಗೆ ಹೇಳುವುದು ನನ್ನ ದೃಷ್ಟಿಯಲ್ಲಿ ಬರೇ ಜಾಣತನ.

ಕೊಳ್ಳುವವನ ಕೆಲಸವೂ ಇದೆ. ಹತ್ತಿಯ ತುಂಡೊಂದನ್ನು ತೋಳಿನ ಅಂಚಿನುದ್ದಕ್ಕೂ ಸವರಿ ನೋಡಿ. ಎಲ್ಲಿ ಎಳೆ ಸಿಕ್ಕಿಕೊಳ್ಳುವುದೋ ಅಲ್ಲಿ ನಾರು ಎದ್ದಿದೆ. ಮೆರುಗಿನ ಮೇಲಿನ ಸಣ್ಣ ಗೆರೆಗಳು ಸಾಮಾನ್ಯವಾಗಿ ಅಪಾಯವಲ್ಲ, ಉಗುರು ಇಳಿಯುವ ಬಿರುಕು ಅಪಾಯ. ಬೋಲ್ಟ್ ಕೂರುವ ರಂಧ್ರದ ಸುತ್ತ ವಿಶೇಷವಾಗಿ ನೋಡಿ. ಹೆದೆಯೇರಿಸಿ ತುದಿಯಿಂದ ದೃಷ್ಟಿ ಹಾಯಿಸಿದರೆ ಹೆದೆಯು ಎರಡೂ ತೋಳುಗಳ ನಡುಗೆರೆಯಲ್ಲಿ ಸಾಗಬೇಕು. ಒಂದು ಕಡೆಗೆ ವಾಲಿದ್ದರೆ ತೋಳು ತಿರುಚಿದೆ. ಟೇಕ್‌ಡೌನ್‌ನಲ್ಲಿ ಒಂದು ಸಮಾಧಾನವಿದೆ. ತೋಳು ಕೆಟ್ಟರೂ ಹೊಂದುವ ಬೇರೆ ಜೋಡಿ ಸಿಕ್ಕಿದರೆ ಹಿಡಿ ವ್ಯರ್ಥವಾಗುವುದಿಲ್ಲ.

ತೋಳಿನ ಮೇಲೆ ಬರೆದಿರುವ ಅಂಕೆಯನ್ನು ಓದದೆ ಹಣ ಕೊಡಬೇಡಿ. 28 ಇಂಚಿಗೆ 45 ಪೌಂಡ್ ಎಂದಿದ್ದರೆ ಅಷ್ಟು ದೂರ ಎಳೆದಾಗ ಅಷ್ಟು ಭಾರ ಬೆರಳ ಮೇಲೆ ಬೀಳುತ್ತದೆ. ಇಂಚು ಹೆಚ್ಚಿದಂತೆ ಎರಡು ಮೂರು ಪೌಂಡ್ ಏರುತ್ತದೆ. ಹೊಸಬರಿಗೆ 25ರಿಂದ 30 ಪೌಂಡ್ ಧಾರಾಳ ಸಾಕು. ಗೆಳೆಯರ ಮುಂದೆ ಮೀಸೆ ತಿರುವಲು 50 ಪೌಂಡಿನದನ್ನು ಕೊಂಡವನು ತಿಂಗಳೊಳಗೆ ಭುಜ ಹಿಡಿದುಕೊಂಡು ಕೂರುತ್ತಾನೆ, ಬಿಲ್ಲು ಮತ್ತೆ ಮಾರಾಟಕ್ಕೆ ಬರುತ್ತದೆ.

ಅಲ್ಲಾಹನು ಪ್ರತಿಯೊಂದು ಕಾರ್ಯದಲ್ಲೂ ಇಹ್ಸಾನನ್ನು ವಿಧಿಸಿರುವನೆಂದು ಶದ್ದಾದ್ ಬಿನ್ ಔಸ್(ರ) ವರದಿ ಮಾಡಿದ್ದಾರೆ. ಚೂರಿಯನ್ನು ಹರಿತಗೊಳಿಸುವುದು ಕೂಡ ಅದರಲ್ಲಿ ಸೇರಿದೆ. ಹಾಗಾದರೆ ಬಿಲ್ಲನ್ನು ಸಜ್ಜುಗೊಳಿಸುವುದು ಹೊರಗುಳಿದೀತೇ? ಮೇಲಿನ ತೋಳು ಮೇಲೆಯೇ ಇರಲಿ. ಎರಡರ ಬಿಗಿತದಲ್ಲಿ ಬೇಕೆಂದೇ ಇಟ್ಟ ಸಣ್ಣ ವ್ಯತ್ಯಾಸವಿರುತ್ತದೆ, ಅದಲುಬದಲಾದರೆ ಬಾಣ ಸರಿಯಾಗಿ ಹೊರಡದು. 60 ಇಂಚಿನ ಬಿಲ್ಲಿಗೆ ಸುಮಾರು 56 ಇಂಚಿನ ಹೆದೆ ಬೇಕು. ಬಿಲ್ಲು ಹಳೆಯದಾದರೆ ಡೇಕ್ರಾನ್ ನೂಲಿನ ಹೆದೆಯೇ ಸುರಕ್ಷಿತ. ಹಿಗ್ಗದ ಹೊಸ ನೂಲುಗಳು ಹಳೆಯ ತೋಳಿನ ತುದಿಯನ್ನು ಸೀಳಿಬಿಡಬಹುದು. ಹೆದೆಯೇರಿಸಲು ಎರಡು ತುದಿಗೂ ಸಿಕ್ಕಿಸುವ ಹಗ್ಗವನ್ನು ಬಳಸಿ. ಕಾಲಿನ ನಡುವೆ ಸಿಕ್ಕಿಸಿ ಬಗ್ಗಿಸಿದರೆ ತೋಳು ತಿರುಚುತ್ತದೆ. ಹಿಡಿಯ ಆಳದ ಜಾಗದಿಂದ ಹೆದೆಗೆ ಏಳೂವರೆಯಿಂದ ಎಂಟು ಇಂಚು ಅಂತರವಿರಲಿ. ಕಡಿಮೆಯಾದರೆ ಹೆದೆಯನ್ನು ಇನ್ನಷ್ಟು ಹುರಿಗೊಳಿಸಿ. ಕಿವಿಗೆ ಸದ್ದು ಎಲ್ಲಿ ಮೆತ್ತಗಾಗುವುದೋ ಅದೇ ಆ ಬಿಲ್ಲಿನ ಅಂತರ. ಬಾಣವಿಲ್ಲದೆ ಎಳೆದು ಬಿಡಲೇಬಾರದು. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ತೋಳಿಗೇ ತಿರುಗಿ ಬಡಿಯುತ್ತದೆ.

ಒಂದು ಬಾಣದ ಮೂಲಕ ಅಲ್ಲಾಹನು ಮೂವರನ್ನು, ಒಳಿತನ್ನು ಬಯಸಿ ಅದನ್ನು ತಯಾರಿಸಿದವನನ್ನು, ಬಿಟ್ಟವನನ್ನು, ಕೈಗೆ ಎತ್ತಿ ಕೊಟ್ಟವನನ್ನು, ಸ್ವರ್ಗಕ್ಕೆ ಸೇರಿಸುವನೆಂದು ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ವರದಿಯಾಗಿದೆ. ಅದು ಅಲ್ಲಾಹನ ಮಾರ್ಗದಲ್ಲಿ ಬಿಟ್ಟ ಬಾಣದ ಮಾತು, ನಮ್ಮ ಭಾನುವಾರದ ಆಟಕ್ಕೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದರೆ ಕೊಡುವ ಕೈಯನ್ನೂ ಲೆಕ್ಕಕ್ಕೆ ಹಿಡಿಯಲಾಗಿದೆಯೆಂಬುದನ್ನು ಬಿಲ್ಲು ಮಾರುವವರು ಮರೆಯದಿರಲಿ.

ಇನ್ನು ಗುರಿ. ಕೆಲವು ಯುವಕರು ಒಂದು ಹಕ್ಕಿಯನ್ನು ಕಟ್ಟಿಹಾಕಿ ಅದಕ್ಕೆ ಬಾಣ ಬಿಡುತ್ತಿದ್ದರು. ಇಬ್ನು ಉಮರ್(ರ) ಆ ದಾರಿಯಲ್ಲಿ ಬಂದಾಗ ಅವರೆಲ್ಲ ಚದುರಿ ಓಡಿದರು. ಜೀವವಿರುವುದನ್ನು ಗುರಿಯಾಗಿಸುವವನನ್ನು ಪ್ರವಾದಿವರ್ಯರು(ಸ) ಶಪಿಸಿದ್ದಾರೆಂದು ಅವರು ತಿಳಿಸಿದರು. ತೆಂಗಿನ ತೋಟದ ಅಳಿಲಿಗೂ ಬೀದಿಯ ನಾಯಿಗೂ ಈ ಮಾತು ಅನ್ವಯಿಸುತ್ತದೆಂದು ಮಕ್ಕಳಿಗೆ ಬಿಲ್ಲು ಕೊಡುವ ಮೊದಲೇ ಹೇಳಿಬಿಡಿ. ಹುಲ್ಲಿನ ದಪ್ಪ ಕಟ್ಟು ಸಾಕು, ಅದರ ಹಿಂದೆ ದಾರಿಯಾಗಲಿ ಮನೆಯಾಗಲಿ ಇರಬಾರದು.

ಮಸೀದಿಯಲ್ಲೋ ಪೇಟೆಯಲ್ಲೋ ಬಾಣ ಹಿಡಿದು ಹೋಗುವವನು ಅದರ ಮೊನೆಯನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳಬೇಕೆಂದು, ಯಾರಿಗೂ ಗೀರು ಬೀಳಬಾರದೆಂದು ಪ್ರವಾದಿವರ್ಯರು(ಸ) ಕಲಿಸಿದ್ದರು. ಬಸ್ಸಿನಲ್ಲಿ ಮೈದಾನಕ್ಕೆ ಹೋಗುವ ಹುಡುಗರಿಗೆ ಟೇಕ್‌ಡೌನ್ ಬಿಲ್ಲು ಇಲ್ಲಿ ಅನುಕೂಲ. ಹೆದೆಯಿಳಿಸಿ, ತೋಳುಗಳನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿದರೆ ಶಾಲೆಯ ಚೀಲದಷ್ಟು ಜಾಗ ಸಾಕು. ಬಾಣಗಳನ್ನು ಮುಚ್ಚಳವಿರುವ ಕೊಳವೆಯಲ್ಲಿ, ಮೊನೆ ಕೆಳಗಾಗಿ ಇಟ್ಟುಕೊಳ್ಳಲಿ.