ಸವೆದ ಕಾಲರಿನ ಹಕ್ಕು

ನಿಯಮಬದ್ಧವಾದ ಉಡುಪಿನಲ್ಲಿ ತನ್ನತನವನ್ನು ತೋರುವ ಹಕ್ಕು ಯಾರಿಗಿದೆ? ಇದು ದರ್ಜಿಯ ಅಂಗಡಿಗೆ ಸೇರಿದ ಮಾತೆಂದು ವಾಚಕರಿಗೆ ತೋರಬಹುದು. ನಮಗೆ ಮಾತ್ರ ಇದು ನೀತಿಯ ಪ್ರಶ್ನೆಯಾಗಿಯೇ ಕಾಣುತ್ತದೆ.

ಅಮೆರಿಕದಲ್ಲಿ ‘ಪ್ರೆಪ್ಪಿ’ ಎಂಬ ಉಡುಪಿನ ರೀತಿಯೊಂದುಂಟು. ದೊಡ್ಡ ವಿಶ್ವವಿದ್ಯಾಲಯಗಳಿಗೆ ಮಕ್ಕಳನ್ನು ಅಣಿಗೊಳಿಸುವ ಖಾಸಗಿ ಶಾಲೆಗಳಿಂದ ಬಂದ ಹೆಸರು ಅದು. ನೀಲಿ ಬ್ಲೇಜರ್, ಕಾಲರಿನ ತುದಿಗಳಿಗೂ ಗುಂಡಿಯಿರುವ ಅಂಗಿ, ಖಾಕಿ ಷರಾಯಿ, ಲೇಸಿಲ್ಲದ ಲೋಫರ್ ಬೂಟು. ತಾತ ತೊಟ್ಟದ್ದನ್ನೇ ಮೊಮ್ಮಗನೂ ತೊಡಬೇಕು. ಆದರೆ ಅದರ ಸೊಗಸೆಲ್ಲ ಇರುವುದು ಒಂದು ಬಗೆಯ ಅಲಕ್ಷ್ಯದಲ್ಲಿ: ಸವೆದ ಕಾಲರು, ತೇಪೆ ಹಾಕಿದ ಮೊಣಕೈ, ಕಾಲುಚೀಲವಿಲ್ಲದ ಬೂಟು. ಇಟಲಿಯ ಫಿಯಟ್ ಕಂಪನಿಯ ಒಡೆಯ ಜಿಯಾನಿ ಆನ್ಯೆಲ್ಲಿಯವರು ಕೈಗಡಿಯಾರವನ್ನು ಅಂಗಿಯ ತೋಳಿನ ಮೇಲೆಯೇ ಕಟ್ಟುತ್ತಿದ್ದರು. ಜಗತ್ತು ಅದನ್ನು ಶೈಲಿ ಎಂದು ಕೊಂಡಾಡಿತು. ನಮ್ಮಂಥ ಗುಮಾಸ್ತನೊಬ್ಬ ಹಾಗೆ ಕಟ್ಟಿಕೊಂಡು ಕಚೇರಿಗೆ ಬಂದರೆ ಪಕ್ಕದ ಮೇಜಿನವರು ಏನೆನ್ನುವರೆಂದು ಹೇಳಬೇಕಾಗಿಲ್ಲ.

ನಿಯಮವನ್ನು ಮುರಿಯುವ ಸುಖ ಸ್ಥಾನ ಭದ್ರವಾಗಿದ್ದವರಿಗೆ ಮೊದಲು ಸಿಗುತ್ತದೆ. 1960ರ ಫೆಬ್ರುವರಿ 1ರಂದು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ ನಾಲ್ವರು ಕಪ್ಪು ವರ್ಣದ ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಊಟ ಬಡಿಸುತ್ತಿದ್ದ ಕಡೆ ಹೋಗಿ ಕುಳಿತರು. ಅಚ್ಚುಕಟ್ಟಾಗಿ ಉಡುಪು ತೊಟ್ಟೇ ಹೋಗಿದ್ದರು. ಒಂದು ಗುಂಡಿ ತಪ್ಪಿದ್ದರೂ ನೋಡುವವರಿಗೆ ಅದೇ ನೆಪವಾಗುತ್ತಿತ್ತೇನೋ. ಅಲ್ಲಿ ಇಸ್ತ್ರಿಯೇ ಒಂದು ವಾದ. ಅದೇ ಜನಾಂಗದ ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್ ಮಾತ್ರ ಇನ್ನೊಂದು ದಾರಿ ಹಿಡಿದಿದ್ದರು. 1958ರ ‘ಮೈಲ್‌ಸ್ಟೋನ್ಸ್’ ಧ್ವನಿಮುದ್ರಿಕೆಯ ಹೊದಿಕೆಯಲ್ಲಿ ಅವರು ತೊಟ್ಟಿರುವುದು ಅದೇ ಗುಂಡಿ ಕಾಲರಿನ ಅಂಗಿ. ಹೊಲಿಗೆ ಕಾಲೇಜು ಹುಡುಗರದು, ಬಣ್ಣ ಮಾತ್ರ ಹಸಿರು! ಮನೆಗಳಿಗೆ ಬಣ್ಣ ಬಳಿಯುವವರ ಮಗನಾಗಿ ಬ್ರಾಂಕ್ಸ್‌ನಲ್ಲಿ ಹುಟ್ಟಿದ ರಾಲ್ಫ್ ಲಿಫ್‌ಶಿಟ್ಜ್ ಎಂಬಾತ, ಲಾರೆನ್ ಎಂದು ಹೆಸರು ಬದಲಿಸಿಕೊಂಡು, 1967ರಲ್ಲಿ ಅಗಲವಾದ ಟೈಗಳಿಂದ ವ್ಯಾಪಾರ ಆರಂಭಿಸಿ, ಈ ಉಡುಪನ್ನು ಇಡೀ ಲೋಕಕ್ಕೆ ಮಾರಿದರು. 1980ರಲ್ಲಿ ಈ ಪಂಗಡವನ್ನು ಗೇಲಿ ಮಾಡಲೆಂದು ಹೊರಟ ಪುಸ್ತಕವನ್ನೂ ಜನ ಕೈಪಿಡಿಯೆಂದೇ ಕೊಂಡರು.

ಇಲ್ಲಿಯವರೆಗೆ ನಮ್ಮ ತಕರಾರಿಲ್ಲ. ಆದರೆ ಈಗ ಅಂಗಡಿಯಲ್ಲೇ ಸವೆಸಿ, ತೇಪೆ ಹಚ್ಚಿ ಮಾರುವ ಬಟ್ಟೆಗಳಿವೆ. ಹಣ ಕೊಟ್ಟು ಕೊಂಡ ಸವೆತ ಯಾರ ಸವೆತ?

ಇದಕ್ಕೆ ನಮ್ಮ ಮದ್ರಾಸಿನ ಚೌಕುಳಿ ಬಟ್ಟೆ ಒಂದು ಉತ್ತರ ಕೊಟ್ಟಿದೆ. 1958ರಲ್ಲಿ ಸಿ. ಪಿ. ಕೃಷ್ಣನ್ ನಾಯರ್ ಅವರ ಮೂಲಕ ಅಮೆರಿಕಕ್ಕೆ ಹೋದ ಆ ಕೈಮಗ್ಗದ ಬಟ್ಟೆ ಒಗೆದಾಗಲೆಲ್ಲ ಬಣ್ಣ ಬಿಡತೊಡಗಿತು. ಕೊಂಡವರು ಗದ್ದಲವೆಬ್ಬಿಸಿದರು. ಮಾರಿದವರು ಜಾಣರು, ಬಣ್ಣ ಬಿಡುವುದೇ ಇದರ ಗುಣವೆಂದು ಜಾಹೀರಾತು ಕೊಟ್ಟರು. ರಸಾಯನಶಾಸ್ತ್ರದ ಕಣ್ಣಿಗೆ ಅದು ಬಣ್ಣ ನೂಲಿಗೆ ಗಟ್ಟಿಯಾಗಿ ಹಿಡಿಯದ ದೋಷ, ಅಷ್ಟೇ. ಆದರೂ ಎರಡು ಅಂಗಿಗಳು ಒಂದೇ ರೀತಿ ಮಾಸುವುದಿಲ್ಲ. ತೊಟ್ಟವನ ಬೆವರು, ಅವನ ಮನೆಯ ನೀರು, ಬಿಸಿಲು ಸೇರಿ ಆ ಬಟ್ಟೆಗೆ ಅವನದೇ ಗುರುತು ಬರುತ್ತದೆ. ಮೊದಲ ದಿನವೇ ಅದನ್ನು ಕೊಳ್ಳಲಾಗದು.

ಪರವೂರಿಗೆ ಬಂದು ನೆಲೆಸಿದ ನಾವು ಮಕ್ಕಳಿಗೆ ಹೇಳುವುದು, ಮೊದಲು ಇಸ್ತ್ರಿ ಮಾಡಿದ ಅಂಗಿ ತೊಡಿ, ಮಿಕ್ಕದ್ದು ಆಮೇಲೆ ಎಂದು. ಅದರಲ್ಲಿ ವಿವೇಕವೆಷ್ಟು, ಹೆದರಿಕೆಯೆಷ್ಟು ಎಂದು ಅಳೆಯುವುದು ಕಷ್ಟ. ಇಂದು ಅವರ ಕಂಪನಿಗಳಲ್ಲಿ ಇದೇ ಖಾಕಿ ಷರಾಯಿ, ಇದೇ ಗುಂಡಿ ಕಾಲರು. ಅದರ ಜೊತೆಗೆ ಒಬ್ಬ ಹುಡುಗ, ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ತಾತನ ಎಚ್‌ಎಂಟಿ ಜನತಾ ಗಡಿಯಾರಕ್ಕೆ ದಿನವೂ ಕೀಲಿ ಕೊಟ್ಟು ಕಟ್ಟಿಕೊಂಡು ಹೋದರೆ ನಮ್ಮ ಪೂರ್ಣ ಒಪ್ಪಿಗೆಯಿದೆ. ತೋಳಿನ ಮೇಲೆ ಕಟ್ಟುತ್ತೇನೆಂದರೆ ಮಾತ್ರ ಮನೆಯಲ್ಲಿ ಸ್ವಲ್ಪ ಚರ್ಚೆಯಾದೀತು.