ಕಂತು ಯಾರು ಕಟ್ಟಬೇಕು?

ತಂಗಿ ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ತಿಂಗಳಲ್ಲೇ ಪರಿಚಯದ ವಿಮಾ ಏಜೆಂಟರು ಮನೆಗೆ ಬಂದರು. ಟರ್ಮ್ ಪಾಲಿಸಿಯ ವಿವರ ಕೇಳಿದ ಅಮ್ಮ, "ಬದುಕಿದ್ರೆ ದುಡ್ಡು ವಾಪಸ್ ಬರಲ್ವಾ?" ಎಂದಳು. ಬರುವುದಿಲ್ಲ. ನಾಮಿನಿಯ ಜಾಗದಲ್ಲಿ ತಂಗಿ ಅಮ್ಮನ ಹೆಸರು ಬರೆದಾಗ ಅಮ್ಮ ಎದ್ದು ಒಳಗೆ ಹೋದಳು.

ಜೀವಕ್ಕೆ ಬೆಲೆ ಕಟ್ಟಬಹುದೇ ಎಂಬುದು ಹಳೆಯ ಪ್ರಶ್ನೆ. ವಿಮೆ ಬೆಲೆ ಕಟ್ಟುವುದು ಜೀವಕ್ಕಲ್ಲ, ಆ ಜೀವವನ್ನು ನೆಚ್ಚಿಕೊಂಡವರ ನಾಳೆಗೆ. ಅವಳ ಓದಿನ ಸಾಲ ಇನ್ನೂ ಬಾಕಿಯಿದೆ. ಹಾಗಾಗಿ ಅದರಲ್ಲಿ ಅವಮಾನವೇನೂ ಇಲ್ಲ.

ನನ್ನನ್ನು ಕಾಡುವುದು ಕಂತಿನ ಪ್ರಶ್ನೆ. 2018ರಲ್ಲಿ ಕೇರಳದ ಪೇರಾಂಬ್ರಾದಲ್ಲಿ ನಿಪಾ ರೋಗಿಯ ಆರೈಕೆ ಮಾಡಿದ ನರ್ಸ್ ಲಿನಿ ಅದೇ ಸೋಂಕಿನಿಂದ ತೀರಿಕೊಂಡರು. 2020ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಕೋವಿಡ್ ಕರ್ತವ್ಯದಲ್ಲಿದ್ದ ಆರೋಗ್ಯ ಕಾರ್ಯಕರ್ತರಿಗೆ 50 ಲಕ್ಷ ರೂಪಾಯಿಯ ವಿಮೆ ಘೋಷಿಸಿತು. ಕಂತು ಅವರ ಮೇಲೆ ಬೀಳಲಿಲ್ಲ. ಅಂದರೆ, ರೋಗಿಗಾಗಿ ಹೊತ್ತ ಅಪಾಯ ಎಲ್ಲರ ಹೊಣೆ ಎಂದು ನಾವು ಒಮ್ಮೆ ಒಪ್ಪಿದ್ದೇವೆ. ಕ್ಷಯದ ವಾರ್ಡಿನಲ್ಲಿ, ಕೈಗೆ ಚುಚ್ಚುವ ಸೂಜಿಯಲ್ಲಿ ಅಪಾಯ ಈಗಲೂ ಇದೆ. ಒಪ್ಪಿಗೆ ಮಾತ್ರ ಆ ಯೋಜನೆಯೊಂದಿಗೇ ಮುಗಿಯಿತು.

ತಂಗಿ ಮೊದಲ ಸಂಬಳದಲ್ಲೇ ಕಂತು ಕಟ್ಟಿದಳು. ಅಮ್ಮನಿಗಾಗಿ ಕಟ್ಟಿದ್ದು ಸರಿ. ನಮ್ಮ ನಿಮ್ಮ ಆರೈಕೆಯಲ್ಲಿ ಹೊರುವ ಅಪಾಯದ ಪಾಲನ್ನೂ ಅವಳೇ ಕಟ್ಟುತ್ತಿರುವುದು ಸರಿಯಲ್ಲ.