ಕತೆಯ ಹುಡುಗಿಗೆ ಕತ್ತಿ ಬೇಕೇ?

ನಮ್ಮ ವಾಚನಾಲಯದಲ್ಲಿ ಪುಸ್ತಕ ಕೊಂಡುಹೋದವರ ರಿಜಿಸ್ಟರನ್ನು ಯಾರಾದರೂ ತೆರೆದು ನೋಡಲಿ. ಹೈಸ್ಕೂಲು, ಪ್ಲಸ್ ಟು ಕಲಿಯುವ ಹುಡುಗಿಯರ ಹೆಸರಿನ ಎದುರು ಈಗ ಹೆಚ್ಚಾಗಿ ಒಂದೇ ಬಗೆಯ ಪುಸ್ತಕಗಳು ಕಾಣುತ್ತವೆ. ಎಲ್ಲೂ ಇಲ್ಲದ ರಾಜ್ಯಗಳು, ಮಾಟಮಂತ್ರ, ಬಿಲ್ಲು ಹಿಡಿದ ಹುಡುಗಿ, ಅಜ್ಜಿಕತೆಯನ್ನೇ ಮಗುಚಿ ಹಾಕಿ ಬರೆದ ಕಾದಂಬರಿ. ಹೆಚ್ಚಿನವು ಇಂಗ್ಲಿಷು, ಕೆಲವು ಮಲಯಾಳ. ಕನ್ನಡದಲ್ಲಿ ಅಂಥದ್ದೊಂದು ಕೊಡಿ ಎಂದು ಮಕ್ಕಳು ಕೇಳಿದರೆ ಕಪಾಟಿನಲ್ಲಿ ಕೈಯಾಡಿಸಿ ಸುಮ್ಮನೆ ನಿಲ್ಲಬೇಕಾಗುತ್ತದೆ. ಚಿಕ್ಕ ಮಕ್ಕಳಿಗೆ ಉಂಟು, ದೊಡ್ಡವರಿಗೆ ಬೇಕಾದಷ್ಟು ಉಂಟು. ನಡುವಿನ ಪ್ರಾಯಕ್ಕೆ ಬಹಳ ಕಡಿಮೆ. ಅದು ಬೇರೆಯೇ ಸಂಗತಿ, ಇಲ್ಲಿ ಬೇಡ.

ಈ ಪುಸ್ತಕಗಳ ಬಗ್ಗೆ ಎರಡು ಆಕ್ಷೇಪ ಕೇಳಿದ್ದೇನೆ. ಒಂದು, ಇವನ್ನು ಓದಿ ಹುಡುಗಿಯರು ಎದುರು ಮಾತಾಡುತ್ತಾರೆ ಎಂಬುದು. ಇದಕ್ಕೆ ಉತ್ತರ ಕೊಡುವ ತಾಳ್ಮೆ ನನಗಿಲ್ಲ. ಇನ್ನೊಂದು, ಊರಿನ ಹಿರಿಯರೊಬ್ಬರು ನಮ್ಮ ಜಗಲಿಯಲ್ಲಿ ಪೇಪರು ಓದುತ್ತಾ ಹೇಳಿದ್ದು: "ಟೀಚರೇ, ಕತೆ ಅಂದರೆ ಹಿರಿಯರ ಆಸ್ತಿ. ಅದನ್ನು ತಮಗೆ ಬೇಕಾದ ಹಾಗೆ ತಿದ್ದಲಿಕ್ಕೆ ಇವರು ಯಾರು?" ಇದು ಯೋಚಿಸಬೇಕಾದ ಮಾತು.

ತಿದ್ದುವುದು ಇವತ್ತಿನ ಕೆಲಸವೇನೂ ಅಲ್ಲ. ಜರ್ಮನಿಯ ಗ್ರಿಮ್ ಸಹೋದರರ ಕತೆಗಳು ಮೊದಲು ಅಚ್ಚಾದದ್ದು 1812ರಲ್ಲಿ. ಅದರಲ್ಲಿ ಹಿಮದಷ್ಟು ಬಿಳಿಯ ಹುಡುಗಿಯನ್ನು ಕೊಲ್ಲಿಸಲು ಹೊರಟವಳು ಅವಳ ಹೆತ್ತ ತಾಯಿ. 1819ರ ಮುದ್ರಣಕ್ಕೆ ಬರುವಾಗ ಆ ತಾಯಿ ಮಲತಾಯಿಯಾದಳು. ಕಾಡಿನಲ್ಲಿ ಮಕ್ಕಳನ್ನು ಬಿಟ್ಟುಬರುವ ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಕತೆಯಲ್ಲೂ ಹೀಗೇ ತಾಯಿ ಹೋಗಿ ಮಲತಾಯಿ ಬಂದಳು. ಹೆತ್ತವಳು ಕೆಟ್ಟವಳಾಗುವುದನ್ನು ಅವರಿಗೆ ಸಹಿಸಲಾಗಲಿಲ್ಲ. ಗೋಪುರದಲ್ಲಿ ಬಂಧಿಯಾದ ರಪುಂಜೆಲ್ ಮೊದಲ ಮುದ್ರಣದಲ್ಲಿ, ನನ್ನ ಬಟ್ಟೆ ಯಾಕೆ ಬಿಗಿಯಾಗುತ್ತಿದೆ ಎಂದು ಕೇಳಿ ಸಿಕ್ಕಿಬೀಳುತ್ತಾಳೆ. ಬಸುರಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ಮುದ್ರಣಗಳಲ್ಲಿ ಆ ಮಾತನ್ನು ತೆಗೆದರು. ಇನ್ನು ಸಿಂಡರೆಲಾ ಕತೆ ಯುರೋಪಿನದೇ ಎಂದುಕೊಂಡವರುಂಟು. ಫ್ರಾನ್ಸಿನ ಪೆರೋ ಗಾಜಿನ ಚಪ್ಪಲಿಯ ಕತೆ ಅಚ್ಚು ಹಾಕಿಸಿದ್ದು 1697ರಲ್ಲಿ. ಅದಕ್ಕಿಂತ ಎಂಟುನೂರು ವರ್ಷಕ್ಕೂ ಹಿಂದೆ, ಒಂಬತ್ತನೆಯ ಶತಮಾನದಲ್ಲೇ, ಚೀನಾದ ಪುಸ್ತಕವೊಂದರಲ್ಲಿ ಯೆ ಷಿಯಾನ್ ಎಂಬ ಹುಡುಗಿ ಚಿನ್ನದ ಚಪ್ಪಲಿ ಕಳೆದುಕೊಂಡಾಗಿತ್ತು. ಅವಳಿಗೆ ಸಹಾಯಕ್ಕೆ ಬರುವುದು ಒಂದು ಮೀನು. ಹಾಗಾದರೆ ಮೂಲ ಯಾವುದು ಮಾರಾಯ್ರೇ? ನಾವು ಸಣ್ಣದಿರುವಾಗ ಕೇಳಿದ್ದೇ ಮೂಲ ಎಂದು ನಮಗೆ ಅನಿಸುತ್ತದೆ, ಅಷ್ಟೆ.

ಅಷ್ಟು ದೂರ ಯಾಕೆ? ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು. ರಾತ್ರಿಯಿಡೀ ಕೂತು ತಾಳಮದ್ದಳೆ ಕೇಳುತ್ತೇವೆ. ಪದ್ಯ ಭಾಗವತರದ್ದು, ಮಾತು ಅರ್ಥಧಾರಿಯದ್ದು. ಆ ಮಾತು ಎಲ್ಲೂ ಬರೆದಿಟ್ಟದ್ದಲ್ಲ. ಅಂಬೆ ಭೀಷ್ಮನ ಎದುರು ನಿಂತು, ಗೆದ್ದು ತಂದವನೇ ಬೇಡ ಎಂದರೆ ನಾನು ಯಾವ ಮನೆಗೆ ಹೋಗಲಿ ಎಂದು ಕೇಳುವಾಗ, ಒಬ್ಬ ಅರ್ಥಧಾರಿ ಅವಳನ್ನು ಅಳಿಸುತ್ತಾನೆ, ಇನ್ನೊಬ್ಬ ಅವಳಿಂದ ಭೀಷ್ಮನ ಬಾಯಿ ಕಟ್ಟಿಸುತ್ತಾನೆ. ಎರಡನೆಯವನಿಗೆ ನಾವು ತಲೆದೂಗುತ್ತೇವೆ. ಜಗಲಿಯಲ್ಲಿ ನನ್ನನ್ನು ಕೇಳಿದ ಹಿರಿಯರೂ ತಲೆದೂಗುವವರೇ. ಕತೆಯ ಹೆಣ್ಣಿಗೆ ಹೊಸ ಮಾತು ಕೊಡುವ ಹಕ್ಕು ಅರ್ಥಧಾರಿಗೆ ಉಂಟು, ಬರೆಯುವ ಹೆಂಗಸಿಗೆ ಇಲ್ಲ ಎಂದರೆ ಹೇಗೆ?

ಆದ್ದರಿಂದ ತಿದ್ದಬಹುದೇ ಎಂಬುದು ನನಗೆ ಪ್ರಶ್ನೆಯೇ ಅಲ್ಲ. ತಿದ್ದುವಾಗ ಹುಡುಗಿಯನ್ನು ಗಟ್ಟಿ ಮಾಡುತ್ತೇವೆ ಎನ್ನುತ್ತಾರಲ್ಲ, ಆ ಗಟ್ಟಿ ಎಂದರೆ ಎಂತ ಎಂಬುದು ನನ್ನ ಪ್ರಶ್ನೆ.

ನಮ್ಮ ಹುಡುಗಿಯರ ಕೈಯಲ್ಲಿ ಮುದುಡಿ ಹೋದ ಪುಸ್ತಕ 'ದಿ ಹಂಗರ್ ಗೇಮ್ಸ್'. ಸುಝಾನ್ ಕಾಲಿನ್ಸ್ 2008ರಲ್ಲಿ ಬರೆದದ್ದು. ಗ್ರೀಕರ ಹಳೆಯ ಕತೆಯಲ್ಲಿ ಅಥೆನ್ಸಿನವರು ಏಳು ಹುಡುಗರನ್ನೂ ಏಳು ಹುಡುಗಿಯರನ್ನೂ ಕ್ರೀಟ್ ದ್ವೀಪದ ಗೂಳಿಮುಖದ ರಾಕ್ಷಸನಿಗೆ ಕಪ್ಪ ಕೊಡಬೇಕಿತ್ತು. ಈ ಕಾದಂಬರಿಯ ಬೀಜ ಅದು ಎಂದು ಲೇಖಕಿಯೇ ಹೇಳಿದ್ದಾರೆ. ಇಲ್ಲಿ ಹನ್ನೆರಡು ಜಿಲ್ಲೆಗಳಿಂದ ಒಬ್ಬ ಹುಡುಗ, ಒಬ್ಬ ಹುಡುಗಿಯಂತೆ ಇಪ್ಪತ್ತನಾಲ್ಕು ಮಕ್ಕಳು. ಚೀಟಿ ಎತ್ತಿ ಆರಿಸುತ್ತಾರೆ, ಒಬ್ಬರೇ ಉಳಿಯುವ ತನಕ ಪರಸ್ಪರ ಕೊಲ್ಲಬೇಕು, ಅದನ್ನು ಟಿ.ವಿ.ಯಲ್ಲಿ ತೋರಿಸುತ್ತಾರೆ. ಕಾಟ್‌ನಿಸ್ ಎಂಬ ಹುಡುಗಿ ಬಿಲ್ಲುಗಾರ್ತಿ. ಪೋಸ್ಟರುಗಳಲ್ಲಿ ನೋಡಿದರೆ ಬಿಲ್ಲೇ ಅವಳು. ಆದರೆ ಪುಸ್ತಕದಲ್ಲಿ ಅವಳ ಕತೆ ತಿರುಗುವುದು ಬಾಣ ಬಿಟ್ಟಾಗ ಅಲ್ಲ. ಚೀಟಿಯಲ್ಲಿ ತಂಗಿಯ ಹೆಸರು ಬಂದಾಗ, ಅವಳ ಬದಲು ನಾನು ಹೋಗುತ್ತೇನೆ ಎಂದು ಮುಂದೆ ಬರುತ್ತಾಳಲ್ಲ, ಆಗ. ಅಷ್ಟು ಹೊತ್ತಿಗೆ ಅವಳ ಕೈಯಲ್ಲಿ ಏನೂ ಇಲ್ಲ. ಮೂರನೆಯ ಪುಸ್ತಕ ಮುಗಿಯುವಾಗಲೂ ಅವಳಿಗೆ ರಾತ್ರಿ ಕೆಟ್ಟ ಕನಸು ಬೀಳುವುದು ನಿಂತಿರುವುದಿಲ್ಲ. ಕೊಂದವಳಿಗೆ ಸುಖನಿದ್ದೆ ಕೊಡಲಿಲ್ಲವಲ್ಲ, ಆ ಲೇಖಕಿಯ ಮೇಲೆ ನನಗೆ ಗೌರವ ಬಂದದ್ದು ಅಲ್ಲಿ.

ಮರಿಸ್ಸಾ ಮೇಯರ್ 2012ರಲ್ಲಿ ಬರೆದ 'ಸಿಂಡರ್' ಇನ್ನೊಂದು. ಮುಂದೆಂದೋ ಬರುವ ಕಾಲದ ಹೊಸ ಬೀಜಿಂಗ್ ನಗರದಲ್ಲಿ ಸಿಂಡರೆಲಾ ಒಬ್ಬ ಮೆಕ್ಯಾನಿಕ್. ಅವಳ ಒಂದು ಪಾದ ಲೋಹದ್ದು. ಅರಮನೆಯ ಮೆಟ್ಟಿಲಲ್ಲಿ ಅವಳು ಕಳೆದುಕೊಳ್ಳುವುದು ಚಪ್ಪಲಿಯನ್ನಲ್ಲ, ಪಾದವನ್ನೇ. ಗ್ರಿಮ್ಮರ ಕತೆಯಲ್ಲಿ ಅಕ್ಕಂದಿರು ಚಪ್ಪಲಿಗೆ ಹೊಂದಿಸಲು ಒಬ್ಬಳು ಬೆರಳನ್ನೂ ಒಬ್ಬಳು ಹಿಮ್ಮಡಿಯನ್ನೂ ಕತ್ತರಿಸಿಕೊಳ್ಳುತ್ತಾರೆ. ಹೆಣ್ಣಿನ ಕಾಲನ್ನು ಅಳತೆಗೆ ಕತ್ತರಿಸುವ ಆ ನೋವು ಹೊಸ ಕತೆಯಲ್ಲಿ ಬೇರೆ ವೇಷದಲ್ಲಿ ಉಳಿದಿದೆ ಎಂದು ನನಗೆ ಕಾಣುತ್ತದೆ. ಇದು ಒಳ್ಳೆಯ ತಿದ್ದುಪಡಿ.

ಎಲ್ಲ ಪುಸ್ತಕಗಳೂ ಹೀಗಿಲ್ಲ. ಎಷ್ಟೋ ಕಾದಂಬರಿಗಳಲ್ಲಿ ರಾಜಕುಮಾರನ ಕೈಯ ಕತ್ತಿಯನ್ನು ರಾಜಕುಮಾರಿಗೆ ಕೊಟ್ಟರೆ ಕೆಲಸ ಮುಗಿಯಿತು. ಅವಳಿಗೆ ಯಾರೂ ಬೇಡ, ಪೆಟ್ಟು ತಾಗುವುದಿಲ್ಲ, ತಾಗಿದರೂ ಎರಡು ಪುಟದಲ್ಲಿ ಗುಣ. ಅಂಥವು ಬೇಗ ಓದಿ ಮುಗಿಯುತ್ತವೆ. ಅವುಗಳಿಂದ ಆಗುವ ತೊಂದರೆ ನಿಧಾನದ್ದು. ನಮ್ಮಲ್ಲಿಗೆ ಬರುವ ಒಬ್ಬ ಹುಡುಗಿ ಮಾತಿನ ನಡುವೆ, "ನನ್ನ ಅಮ್ಮ ಪಾಪ, ವೀಕ್" ಎಂದಳು. ಆ ಅಮ್ಮ ಇಪ್ಪತ್ತು ವರ್ಷದಿಂದ ಬೀಡಿ ಕಟ್ಟಿ ಮನೆ ನಡೆಸುತ್ತಿರುವವಳು. ನಮ್ಮ ಊರಲ್ಲಿ ಗಟ್ಟಿಗಿತ್ತಿ ಎಂಬ ಶಬ್ದ ಅಂಥವಳಿಗೇ ಇದ್ದದ್ದು, ಯಾರಿಗೋ ಹೊಡೆದವಳಿಗೆ ಅಲ್ಲ. ಕತ್ತಿ ಇದ್ದವಳು ಮಾತ್ರ ಗಟ್ಟಿ ಎಂದಾದರೆ, ಕತ್ತಿ ಇಲ್ಲದೆ ಬದುಕಿದ ನಮ್ಮ ತಾಯಂದಿರನ್ನು ಎಲ್ಲಿಡುವುದು?

ಇದನ್ನೇ ಮನಸ್ಸಲ್ಲಿಟ್ಟು ಒಂದು ರಜೆಯಲ್ಲಿ ಮಕ್ಕಳಿಗೆ ಎ. ಕೆ. ರಾಮಾನುಜನ್ ಸಂಗ್ರಹಿಸಿದ ಹೂವಾದ ಹುಡುಗಿಯ ಕತೆ ಹೇಳಿದೆ. ಗೊತ್ತಿಲ್ಲದವರಿಗಾಗಿ ಚಿಕ್ಕದಾಗಿ: ಬಡ ಮುದುಕಿಗೆ ಇಬ್ಬರು ಹೆಣ್ಣುಮಕ್ಕಳು. ಅಮ್ಮನ ಕಷ್ಟ ನೋಡಲಾಗದೆ ತಂಗಿ ಹೂವಿನ ಮರವಾಗುತ್ತಾಳೆ. ಅಕ್ಕ ಒಂದು ಕೊಡಪಾನ ನೀರು ಹೊಯ್ದರೆ ಮರ, ಇನ್ನೊಂದು ಹೊಯ್ದರೆ ಮತ್ತೆ ಹುಡುಗಿ. ಚಿಗುರು ಮುರಿಯದೆ, ಎಲೆ ಹರಿಯದೆ ಹೂ ಕೊಯ್ಯಬೇಕು. ಹೂ ಮಾರಿ ನಾಲ್ಕು ಕಾಸು. ರಾಜಕುಮಾರ ಗುಟ್ಟು ತಿಳಿದು ಅವಳನ್ನು ಮದುವೆಯಾಗುತ್ತಾನೆ, ರಾತ್ರಿ ತನಗಾಗಿ ಮರವಾಗು ಎನ್ನುತ್ತಾನೆ. ಆಮೇಲೆ ನಾದಿನಿ ಗೆಳತಿಯರೊಡನೆ ತೋಟಕ್ಕೆ ಕರೆದುಕೊಂಡು ಹೋಗಿ ಬಲವಂತದಿಂದ ಮರ ಮಾಡಿಸಿ, ಕೊಂಬೆ ಮುರಿದು, ಸರಿಯಾಗಿ ನೀರೂ ಹೊಯ್ಯದೆ ಬಿಟ್ಟುಬರುತ್ತಾಳೆ. ಹುಡುಗಿ ಕೈಯೂ ಇಲ್ಲದ ಕಾಲೂ ಇಲ್ಲದ ಮುದ್ದೆಯಾಗಿ ಉಳಿಯುತ್ತಾಳೆ. ಕೊನೆಗೆ ಗಂಡನೇ ಅವಳನ್ನು ಗುರುತಿಸಿ, ಮತ್ತೆ ಮರ ಮಾಡಿ, ಮುರಿದ ಕೊಂಬೆಗಳನ್ನು ಜೋಡಿಸಿ, ನೀರು ಹೊಯ್ದು ಮನುಷ್ಯಳನ್ನಾಗಿ ಮಾಡುತ್ತಾನೆ. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು 'ಚೆಲುವಿ' ಎಂದು ಸಿನಿಮಾ ಮಾಡಿದರು. 2006ರಲ್ಲಿ ಅಮೆರಿಕದ ಜಾನ್ ಆಡಮ್ಸ್ ಇದನ್ನೇ ಒಪೆರಾ ಮಾಡಿದರು. ಮುದುಕಿಯ ಗುಡಿಸಲಿನ ಹುಡುಗಿ ಎಲ್ಲಿಂದ ಎಲ್ಲಿಗೆ ಹೋದಳು ನೋಡಿ.

ಕತೆ ಮುಗಿದ ಕೂಡಲೇ ಒಬ್ಬಳು ಸಿಟ್ಟಿನಿಂದ ಕೇಳಿದಳು: "ಎಂತ ಟೀಚರ್ ಇದು? ಅವಳು ಯಾಕೆ ತಿರುಗಿ ಹೊಡೆಯಲಿಲ್ಲ?" ಮರುವಾರ ಅವಳೇ ನೋಟ್‌ಪುಸ್ತಕದಲ್ಲಿ ಬೇರೆ ಕೊನೆ ಬರೆದು ತಂದಳು. ನಾದಿನಿ ಕೊಂಬೆಗೆ ಕೈ ಹಾಕಿದ್ದೇ ಬೇರುಗಳು ಮಣ್ಣಿನಿಂದ ಎದ್ದು ಹಾವಿನ ಹಾಗೆ ಅವಳ ಕಾಲು ಸುತ್ತಿಕೊಂಡು ಕೆಳಗೆಳೆಯುತ್ತವೆ. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಹದಿನೈದು ವರ್ಷದವಳಿಗೆ ಸಿಟ್ಟು ಬರಬಾರದು ಎನ್ನಲು ನಾನು ಯಾರು?

ಆದರೂ ಆ ಬೇರು ನನ್ನನ್ನು ಕಾಡಿತು. ಹಳೆಯ ಕತೆಯ ಹುಡುಗಿ ಮೊದಲು ತಾನೇ ಮನಸ್ಸು ಮಾಡಿ ಮರವಾದವಳು, ಅಮ್ಮನಿಗಾಗಿ. ಎರಡನೆಯ ಸಲ ಗಂಡನ ಆಸೆಗೆ. ಮೂರನೆಯ ಸಲ ನಾದಿನಿಯ ಆಟಕ್ಕೆ. ಅವಳ ವಿದ್ಯೆ ಅದೇ ಉಳಿಯಿತು, ಅದನ್ನು ಯಾವಾಗ ಬಳಸಬೇಕು ಎಂಬ ತೀರ್ಮಾನ ಮಾತ್ರ ಕೈ ಬಿಟ್ಟುಹೋಯಿತು. ಹೂ ಬಿಟ್ಟ ಹೊತ್ತಿನಲ್ಲೇ ಅವಳು ಎಲ್ಲಕ್ಕಿಂತ ಅಸಹಾಯಕಿ. ಹೇಗೆ ಕೊಯ್ಯಬೇಕು ಎಂದು ಹೇಳಿಯೇ ಮರವಾದಳು, ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಷ್ಟು ತಲೆಮಾರಿನ ಹೆಂಗಸರು ಈ ಕತೆಯನ್ನು ಅಡುಗೆಕೋಣೆಯಲ್ಲಿ ಒಬ್ಬರಿಗೊಬ್ಬರು ಹೇಳಿದ್ದಾರೋ! ಅವರಿಗೆ ಹೇಳಬೇಕಿದ್ದದ್ದು ಈ ಅನ್ಯಾಯವನ್ನೇ. ಬೇರು ಎದ್ದು ನಾದಿನಿಯನ್ನು ಎಳೆದರೆ ನಮ್ಮ ಸಿಟ್ಟಿಗೆ ನ್ಯಾಯ ಸಿಗುತ್ತದೆ. ಹುಡುಗಿ ಮುದ್ದೆಯಾಗಿ ಬಿದ್ದಿದ್ದ ಆ ದಿನಗಳು ಮಾತ್ರ ಇಲ್ಲದೇ ಹೋಗುತ್ತವೆ. ಕೊನೆಯನ್ನು ಬೇಕಾದ ಹಾಗೆ ಬದಲಿಸಲಿ. ಪೆಟ್ಟು ಬಿದ್ದೇ ಇಲ್ಲ ಎನ್ನುವ ಹಕ್ಕು ಹೊಸದಾಗಿ ಹೇಳುವವರಿಗೆ ಉಂಟೋ ಎಂಬುದು ನನ್ನ ಸಂಶಯ. ಹಾಗೆ ಹೇಳಿದರೆ ಮೊದಲು ಹೇಳಿದವರ ಬಾಯಿ ಮುಚ್ಚಿಸಿದ ಹಾಗಲ್ಲವೇ?

ಕತ್ತಿಯೂ ಇಲ್ಲದೆ, ಮುದ್ದೆಯೂ ಆಗದೆ ನಿಂತವಳು ಬೇಕು ಎನ್ನುವವರಿಗೆ ತುಳುನಾಡಿನಲ್ಲೇ ಸಿರಿ ಇದ್ದಾಳೆ. ಅಡಿಕೆ ಹಿಂಗಾರದಲ್ಲಿ ಹುಟ್ಟಿದವಳು ಎನ್ನುತ್ತದೆ ಪಾಡ್ದನ. ಇದಕ್ಕಿಂತ ಅದ್ಭುತ ಬೇಕೇ? ಬಸುರಿ ಬಯಕೆಗೆ ಗಂಡ ತಂದ ಸೀರೆಯನ್ನು ಮೊದಲು ಸೂಳೆ ಉಟ್ಟಿದ್ದಳು ಎಂದು ತಿಳಿದು, ಆ ಸೀರೆ ನನಗೆ ಬೇಡ ಎಂದವಳು. ಆಮೇಲೆ ಗಂಡನನ್ನೇ ಬೇಡ ಎಂದು ಬಿಟ್ಟು, ಕೈಗೂಸನ್ನೂ ದಾಸಿಯನ್ನೂ ಕರೆದುಕೊಂಡು ಮನೆಯಿಂದ ಹೊರಟವಳು. ಮುಂದೆ ಬೇರೆ ಮದುವೆಯಾದವಳು. 1990ರಲ್ಲಿ ಗೋಪಾಲ ನಾಯ್ಕರು ಹಾಡಿದ ಪಾಠ 15,683 ಸಾಲು. ಫಿನ್ಲೆಂಡಿನ ಲೌರಿ ಹೊಂಕೊ ಅವರು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ ಅದನ್ನು 1998ರಲ್ಲಿ ಅಚ್ಚು ಹಾಕಿಸಿದರು. ಸಿರಿ ಯಾರಿಗೂ ಹೆದರಲಿಲ್ಲ ಎನ್ನುವುದು ಸುಲಭ. ಅವಳ ಬೇಡ ಎಂಬ ಮಾತಿಗೆ ಬೆಲೆ ಎಷ್ಟು ಎಂಬುದನ್ನು ಪಾಡ್ದನ ಮುಚ್ಚಿಡುವುದಿಲ್ಲ. ಮನೆ ಹೋಯಿತು, ಆಸ್ತಿ ಹೋಯಿತು, ಮಗು ಮಾಯವಾಯಿತು. ಸಿರಿಜಾತ್ರೆಯ ಹುಣ್ಣಿಮೆ ರಾತ್ರಿ ಹಿಂಗಾರ ಹಿಡಿದು ಮೈದುಂಬಿ ನಿಲ್ಲುವ ಹೆಂಗಸರು ಮನೆಯಲ್ಲಿ ಹೇಳಲಾಗದ್ದನ್ನು ಅಲ್ಲಿ ಹೇಳುತ್ತಾರೆ. ಕುಮಾರನ ದರ್ಶನದ ಗಂಡಸು ಕೇಳುತ್ತಾನೆ, ಸಮಾಧಾನ ಮಾಡುತ್ತಾನೆ. ಕೊನೆಯ ಮಾತು ಯಾರದ್ದು ಎಂಬ ಪ್ರಶ್ನೆ ಅಲ್ಲೂ ಉಂಟೆನ್ನಿ. ಆದರೂ ನೋವು ಇಟ್ಟುಕೊಂಡೇ ಅವರು ಕತೆಯ ಒಳಗೆ ಹೋಗುತ್ತಾರೆ, ಅದನ್ನು ಹೊರಗಿಟ್ಟು ಬಾ ಎಂದು ಕತೆ ಹೇಳುವುದಿಲ್ಲ.

ಪುಸ್ತಕಗಳು ಕಪಾಟಿನಲ್ಲಿ ಹಾಗೇ ಇವೆ, ಯಾವುದನ್ನೂ ತೆಗೆಯಲಿಲ್ಲ. ಬೇರಿನ ಕತೆ ಬರೆದವಳು ಅದನ್ನು ಮುಂದುವರಿಸುತ್ತಿದ್ದಾಳೆ, ಈಗ ಏಳನೆಯ ಅಧ್ಯಾಯವಂತೆ, ನಾದಿನಿ ಪಾತಾಳ ತಲುಪಿದ್ದಾಳೆ. ಆ ದಿನ ಮೂಲೆಯಲ್ಲಿ ಕೂತಿದ್ದ ಇನ್ನೊಬ್ಬ ಹುಡುಗಿ, ಮಾತು ಕಡಿಮೆ, ಎಲ್ಲರೂ ಹೋದ ಮೇಲೆ ಬಂದು, "ಅಕ್ಕ ಎಲ್ಲಿಗೆ ಹೋದಳು ಟೀಚರ್?" ಎಂದಳು. ಚಿಗುರು ಮುರಿಯದೆ ಹೂ ಕೊಯ್ಯಲು ತಿಳಿದಿದ್ದವಳು ಅವಳೊಬ್ಬಳೇ, ಮದುವೆಯ ನಂತರ ಕತೆಯಲ್ಲಿ ಅವಳ ಸುದ್ದಿಯೇ ಇಲ್ಲ. ಮೂವತ್ತು ವರ್ಷ ಕ್ಲಾಸಿನಲ್ಲಿ ಹೇಳಿದ್ದೇನೆ, ಯಾರೂ ಅದನ್ನು ಕೇಳಿರಲಿಲ್ಲ. ಅವಳು ಬರೆದ ಕೊನೆ ಒಂದೇ ಪುಟ. ತಂಗಿಯ ಸುದ್ದಿ ಇಲ್ಲವೆಂದು ಅಕ್ಕ ಊರೂರು ಹುಡುಕುತ್ತಾ ಬರುತ್ತಾಳೆ, ಮುದ್ದೆಯನ್ನು ನೋಡಿದ ಕೂಡಲೇ ಗುರುತಿಸುತ್ತಾಳೆ, ಎರಡು ಕೊಡಪಾನ ಕೇಳುತ್ತಾಳೆ. ಹಾಗಾದರೆ ರಾಜಕುಮಾರನಿಗೆ ಎಂತ ಕೆಲಸ ಎಂದು ಕೇಳಿದೆ.

"ಅವನು ಬಾವಿಯಿಂದ ನೀರು ಸೇದಿ ಕೊಡಲಿ" ಎಂದಳು.